ಸಹಾಯ ಬೇಕು: ಲ್ಯಾಬ್ ಕೆಲಸ, ಎಂಕ್ಯಾಟ್ ಓದು ಎರಡನ್ನೂ ಹೇಗೆ ನಿಭಾಯಿಸಲಿ?

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದಲ್ಲಿ ಬಯಾಲಜಿ ಪದವಿಯ ಮೂರನೇ ವರ್ಷದಲ್ಲಿದ್ದೇನೆ. ಮುಂದೆ ಮೆಡಿಕಲ್ ಸ್ಕೂಲ್‌ಗೆ ಅರ್ಜಿ ಹಾಕಬೇಕು, ಅದಕ್ಕೆ ಎಂಕ್ಯಾಟ್ (MCAT) ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು.

ಒಂದೂವರೆ ವರ್ಷದಿಂದ ಒಂದು ಲ್ಯಾಬ್‌ನಲ್ಲಿ ಸೆಲ್ ಕಲ್ಚರ್ (ಲ್ಯಾಬ್‌ನಲ್ಲಿ ಬೆಳೆಸುವ ಜೀವಕೋಶಗಳು) ನೋಡಿಕೊಳ್ಳುತ್ತಿದ್ದೇನೆ. ವಾರಕ್ಕೆ 12 ಗಂಟೆ ಅಂತ ಒಪ್ಪಿಕೊಂಡಿದ್ದೆ. ಆದರೆ ರಜೆ ಇದ್ದರೂ ಹೋಗಿ ಮೀಡಿಯಾ, ಅಂದರೆ ಕೋಶಗಳು ಬೆಳೆಯುವ ಪೋಷಕ ದ್ರವ, ಬದಲಾಯಿಸಲೇಬೇಕು, ಇಲ್ಲದಿದ್ದರೆ ಕೋಶಗಳು ಸಾಯುತ್ತವೆ. ಹೀಗಾಗಿ ಈಗ 20 ಗಂಟೆ ದಾಟುತ್ತಿದೆ.

ಎಂಕ್ಯಾಟ್‌ಗೆ ಉಳಿದಿರುವುದು ನಾಲ್ಕೇ ತಿಂಗಳು. ಅದು ಬಿಡುವು ಸೇರಿ ಸುಮಾರು ಏಳೂವರೆ ಗಂಟೆಯ ಪರೀಕ್ಷೆ. ಕೆಮಿಸ್ಟ್ರಿ, ಬಯಾಲಜಿ ಹೇಗೋ ಆಗುತ್ತದೆ. ನನಗೆ ಕಷ್ಟ ಆಗಿರುವುದು ಗದ್ಯ ಓದಿ ಉತ್ತರಿಸುವ ಕಾರ್ಸ್ ಭಾಗ. 90 ನಿಮಿಷಕ್ಕೆ 53 ಪ್ರಶ್ನೆ! ಅದಕ್ಕೆ ದಿನಾ ಅಭ್ಯಾಸ ಬೇಕು, ಅಲ್ವಾ? ಲ್ಯಾಬ್‌ನಿಂದ ಬಂದ ಮೇಲೆ ಓದಿದ್ದು ತಲೆಗೆ ಹತ್ತುತ್ತಿಲ್ಲ.

ಲ್ಯಾಬ್ ಬಿಡಲು ಮನಸ್ಸಿಲ್ಲ. ಆ ಕೆಲಸ ನಿಜವಾಗಿಯೂ ಇಷ್ಟ. ಶಿಫಾರಸು ಪತ್ರವನ್ನೂ ಅಲ್ಲಿನ ಪ್ರೊಫೆಸರ್ ಅವರಿಂದಲೇ ಕೇಳಬೇಕು.

ಈ ದಾರಿ ದಾಟಿದವರು ದಯವಿಟ್ಟು ಹೇಳಿ. ಗಂಟೆ ಕಡಿಮೆ ಮಾಡಿ ಅಂತ ಹೇಗೆ ಕೇಳಿದಿರಿ? ಪರೀಕ್ಷೆ ಮುಗಿಯುವವರೆಗೆ ಡೇಟಾ ವಿಶ್ಲೇಷಣೆ ಮಾತ್ರ ಕೊಡಿ, ಅದನ್ನು ಮನೆಯಿಂದ ಮಾಡುತ್ತೇನೆ ಅಂದರೆ ತಪ್ಪು ತಿಳಿಯುತ್ತಾರಾ? ಅಥವಾ ಒಂದು ವರ್ಷ ಗ್ಯಾಪ್ ತೆಗೆದುಕೊಳ್ಳುವುದೇ ಒಳ್ಳೆಯದಾ? ಮುಂದಿನ ವಾರ ಪ್ರೊಫೆಸರ್ ಜೊತೆ ಮೀಟಿಂಗ್ ಇದೆ, ಅಷ್ಟರೊಳಗೆ ನಿಮ್ಮ ಅನುಭವ ಹೇಳಿದರೆ ತುಂಬಾ ಉಪಕಾರ.