ಸಸ್ಯಮೂಲದ ಮೆಮೊರಿ ಫೋಮ್ ಇರುವ ಹೈಬ್ರಿಡ್ ಹಾಸಿಗೆ: ಕೊಳ್ಳುವ ಮೊದಲು ಏನು ಕೇಳಬೇಕು?

ಪ್ರಶ್ನೆ:
ನಮಸ್ಕಾರ ಸರ್. ನಮ್ಮ ಹಳೆಯ ಹಾಸಿಗೆಯ ನಡುಭಾಗದಲ್ಲಿ ತಗ್ಗು ಬಿದ್ದಿದೆ. ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಂಡಿರುತ್ತದೆ. ನಮ್ಮ ಯಜಮಾನರು ಅಂಗಾತ ಮಲಗುತ್ತಾರೆ, ತೂಕ 90 ಕೆ.ಜಿ. ಹತ್ತಿರ. ನಾನು ಮಗ್ಗುಲಾಗಿ ಮಲಗುವವಳು, 56 ಕೆ.ಜಿ. ಅವರು ಹೊರಳಿದಾಗಲೆಲ್ಲ ನನಗೆ ಎಚ್ಚರವಾಗುತ್ತದೆ. ಈಗ ಒಂದು ಹೈಬ್ರಿಡ್ ಹಾಸಿಗೆ ನೋಡಿದ್ದೇವೆ. ಕೆಳಗೆ ಸ್ಪ್ರಿಂಗ್, ಮೇಲೆ 'ಸಸ್ಯಮೂಲದ ಮೆಮೊರಿ ಫೋಮ್' ಎಂದು ಬರೆದಿದೆ. ಸಸ್ಯದಿಂದ ಮಾಡಿದ್ದು ಎಂದರೆ ರಾಸಾಯನಿಕವೇ ಇಲ್ಲ ಎಂದು ತಿಳಿಯಬಹುದೇ? ನಮ್ಮಿಬ್ಬರಿಗೂ ಅದು ಹೊಂದುತ್ತದೆಯೇ?

ಉತ್ತರ (ಫೋಮ್ ಮತ್ತು ಹಾಸಿಗೆ ತಯಾರಿಕೆಯ ತಂತ್ರಜ್ಞ):
ನಮಸ್ಕಾರ ಮೇಡಂ. ಸಸ್ಯಮೂಲದ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಗೊಂದಲ ಹೆಚ್ಚಿರುವುದು ಅಲ್ಲಿಯೇ.

ಮೆಮೊರಿ ಫೋಮ್ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನಿಂದಾಗುವ ಫೋಮ್‌ನ ಒಂದು ಬಗೆ. 1966ರಲ್ಲಿ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರ್ ನಾಸಾದ ಯೋಜನೆಯೊಂದರಲ್ಲಿ ವಿಮಾನದ ಆಸನಗಳಿಗಾಗಿ ಇದನ್ನು ರೂಪಿಸಿದರು. ಇದನ್ನು ಮಾಡಲು ಎರಡು ಮುಖ್ಯ ದ್ರವಗಳು ಬೇಕು, ಪಾಲಿಯಾಲ್ ಮತ್ತು ಐಸೊಸೈನೇಟ್. ಎರಡೂ ಬೆರೆತಾಗ ನೊರೆ ಉಕ್ಕಿ ಫೋಮ್ ಆಗಿ ನಿಲ್ಲುತ್ತದೆ. ಸಸ್ಯದ ಎಣ್ಣೆ ಸೇರುವುದು ಪಾಲಿಯಾಲ್‌ನ ಒಂದು ಪಾಲಾಗಿ ಮಾತ್ರ. ಹರಳೆಣ್ಣೆ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಅದರ ಕೊಬ್ಬಿನಾಮ್ಲಗಳಲ್ಲಿ ಸುಮಾರು ಶೇ 90ರಷ್ಟು ಇರುವ ರಿಸಿನೋಲಿಕ್ ಆಮ್ಲದಲ್ಲಿ ಐಸೊಸೈನೇಟ್‌ನೊಡನೆ ಬೆಸೆದುಕೊಳ್ಳುವ ಹೈಡ್ರಾಕ್ಸಿಲ್ ಗುಂಪು ಸಹಜವಾಗಿಯೇ ಇದೆ. ಸೋಯಾ ಎಣ್ಣೆಗೆ ಅದನ್ನು ಕಾರ್ಖಾನೆಯಲ್ಲಿ ಸೇರಿಸಬೇಕಾಗುತ್ತದೆ. ಐಸೊಸೈನೇಟ್ ಮಾತ್ರ ಸಾಮಾನ್ಯವಾಗಿ ಪೆಟ್ರೋಲಿಯಂನಿಂದಲೇ ಬರುತ್ತದೆ. ಆದ್ದರಿಂದ ನೀವು ನೋಡಿರುವುದು ಪೆಟ್ರೋಲಿಯಂನ ಒಂದು ಪಾಲನ್ನು ಎಣ್ಣೆಬೀಜ ತುಂಬಿದ ಪಾಲಿಯುರೆಥೇನ್. ಪೆಟ್ರೋಲಿಯಂ ಬಳಕೆ ಅಷ್ಟು ಕಡಿಮೆಯಾಗುವುದು ನಿಜಕ್ಕೂ ಒಳ್ಳೆಯದು, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ರಾಸಾಯನಿಕವೇ ಇಲ್ಲ ಎನ್ನುವುದು ಸುಳ್ಳು. ಮಣ್ಣಿನಲ್ಲಿ ಕರಗಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ.

ಇನ್ನು ಶೇಕಡಾವಾರು ಲೆಕ್ಕ. 'ಶೇ 20 ಸಸ್ಯಮೂಲ' ಎಂದಿದ್ದರೆ ಯಾವುದರ ಶೇ 20 ಎಂದು ಕೇಳಿ. ಪಾಲಿಯಾಲ್‌ನದೋ, ಆ ಒಂದು ಪದರದ್ದೋ, ಇಡೀ ಹಾಸಿಗೆಯದೋ? 25 ಸೆಂ.ಮೀ. ದಪ್ಪದ ಹಾಸಿಗೆಯಲ್ಲಿ ಮೆಮೊರಿ ಫೋಮ್ 5 ಸೆಂ.ಮೀ. ಇದ್ದರೆ ಉಳಿದದ್ದು ಉಕ್ಕು ಮತ್ತು ಮಾಮೂಲಿ ಫೋಮ್. ಇದನ್ನು ಅಳೆಯುವ ಪ್ರಯೋಗಾಲಯ ವಿಧಾನವೂ ಇದೆ, ಹೆಸರು ಎ.ಎಸ್.ಟಿ.ಎಂ. ಡಿ6866. ಕೋಟ್ಯಂತರ ವರ್ಷ ನೆಲದಡಿ ಇದ್ದ ಪೆಟ್ರೋಲಿಯಂನಲ್ಲಿ ಕಾರ್ಬನ್-14 (ಕಾಲ ಕಳೆದಂತೆ ಕ್ಷಯಿಸುವ ಇಂಗಾಲದ ಒಂದು ಬಗೆ) ಉಳಿದಿರುವುದಿಲ್ಲ, ಇತ್ತೀಚೆಗೆ ಬೆಳೆದ ಗಿಡದ ಎಣ್ಣೆಯಲ್ಲಿ ಇರುತ್ತದೆ. ಆ ವ್ಯತ್ಯಾಸದಿಂದ ಸಸ್ಯದ ಇಂಗಾಲ ಎಷ್ಟೆಂದು ಖಚಿತವಾಗಿ ತಿಳಿಯುತ್ತದೆ. ಆ ವರದಿಯನ್ನು ಕೇಳುವ ಹಕ್ಕು ಕೊಳ್ಳುವವರಿಗಿದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು: ನಿಮ್ಮ ನಿದ್ದೆಯನ್ನೂ ಹಾಸಿಗೆಯ ಬಾಳಿಕೆಯನ್ನೂ ನಿರ್ಧರಿಸುವುದು ಎಣ್ಣೆಬೀಜವಲ್ಲ. ಫೋಮ್‌ನ ಡೆನ್ಸಿಟಿ, ಪದರದ ದಪ್ಪ, ಸ್ಪ್ರಿಂಗ್‌ನ ಬಗೆ, ಈ ಮೂರನ್ನು ಬರಹದಲ್ಲಿ ಕೇಳಿ ಪಡೆಯಿರಿ. ಡೆನ್ಸಿಟಿ ಎಂದರೆ ಗಡಸುತನ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಒಂದು ಘನ ಮೀಟರ್ ಫೋಮ್ ಎಷ್ಟು ಕೆ.ಜಿ. ತೂಗುತ್ತದೆ ಎಂಬುದೇ ಡೆನ್ಸಿಟಿ. ಮೆತ್ತಗಿದ್ದೂ ಭಾರವಾದ ಫೋಮ್ ಇರುತ್ತದೆ, ಗಟ್ಟಿಯಾಗಿದ್ದೂ ಹಗುರವಾದದ್ದು ಇರುತ್ತದೆ. ಹಗುರವಾದದ್ದು ಬೇಗ ಕುಸಿಯುತ್ತದೆ. ಮೆಮೊರಿ ಫೋಮ್‌ಗೆ 50ರಿಂದ 80ರ ನಡುವಿನ ಡೆನ್ಸಿಟಿ ಒಳ್ಳೆಯದು. 40ಕ್ಕಿಂತ ಕೆಳಗಿದ್ದರೆ, ಅದರಲ್ಲೂ 90 ಕೆ.ಜಿ. ತೂಕದವರಿಗೆ, ನಾನು ಬೇಡ ಎನ್ನುತ್ತೇನೆ. ಲೆಕ್ಕ ಹಾಕಿ ನೋಡಿ: 180 x 200 ಸೆಂ.ಮೀ. ಹಾಸಿಗೆಯಲ್ಲಿ 5 ಸೆಂ.ಮೀ. ಪದರ ಎಂದರೆ 0.18 ಘನ ಮೀಟರ್. ಡೆನ್ಸಿಟಿ 50 ಆದರೆ ಆ ಪದರ 9 ಕೆ.ಜಿ. ತೂಗುತ್ತದೆ, 30 ಆದರೆ 5.4 ಕೆ.ಜಿ. ಅಂಗಡಿಯಲ್ಲಿ ಅಂಗೈ ಒತ್ತಿ, ಗುರುತು ನಿಧಾನವಾಗಿ ಮಾಯವಾಗುವುದನ್ನು ತೋರಿಸುತ್ತಾರೆ. ಅದರಿಂದ ಅದು ಮೆಮೊರಿ ಫೋಮ್ ಎಂದು ತಿಳಿಯುತ್ತದೆಯೇ ಹೊರತು ಎಷ್ಟು ವರ್ಷ ಬಾಳುತ್ತದೆ ಎಂದು ತಿಳಿಯುವುದಿಲ್ಲ.

ನಿಮ್ಮ ನಿದ್ದೆ ಕೆಡುವ ವಿಚಾರಕ್ಕೆ ಹೈಬ್ರಿಡ್ ಸರಿಯಾದ ಆಯ್ಕೆಯೇ, ಆದರೆ ಒಳಗಿರುವುದು ಪಾಕೆಟ್ ಸ್ಪ್ರಿಂಗ್ ಆಗಿರಬೇಕು. ಅದರಲ್ಲಿ ಪ್ರತಿ ಸುರುಳಿಯೂ ತನ್ನದೇ ಬಟ್ಟೆಯ ಚೀಲದಲ್ಲಿರುತ್ತದೆ, ಒಬ್ಬರು ಹೊರಳಿದರೆ ಅವರ ಕೆಳಗಿನವು ಮಾತ್ರ ಕುಗ್ಗುತ್ತವೆ. ತಂತಿಯಿಂದ ಒಂದಕ್ಕೊಂದು ಬಿಗಿದ ಬಾನೆಲ್ ಸ್ಪ್ರಿಂಗ್‌ನಲ್ಲಿ ಅಲುಗಾಟ ಪಕ್ಕದವರಿಗೂ ತಲುಪುತ್ತದೆ. ಗಡಸುತನದಲ್ಲಿ ನಿಮಗಿಬ್ಬರಿಗೂ ಮಧ್ಯಮ ಸಾಕು. ಮಗ್ಗುಲಾಗಿ ಮಲಗುವ ನಿಮ್ಮ ಭುಜ ಮತ್ತು ಸೊಂಟ ಸ್ವಲ್ಪ ಇಳಿಯಬೇಕು. ಅವರ ಸೊಂಟ ಬೆನ್ನಿಗಿಂತ ಆಳಕ್ಕೆ ಇಳಿಯಬಾರದು. ಮೇಲಿನ ಮೆತ್ತನೆಯ ಪದರಗಳೆಲ್ಲ ಸೇರಿ 7ರಿಂದ 10 ಸೆಂ.ಮೀ. ಇದ್ದರೆ ಇಬ್ಬರಿಗೂ ನಡೆಯುತ್ತದೆ. ಪದರ ತೆಳುವಾದರೆ ಭಾರದವರಿಗೆ ಸ್ಪ್ರಿಂಗ್ ಒತ್ತುತ್ತದೆ.

ಮರುಪ್ರಶ್ನೆ (ಅದೇ ಸದಸ್ಯೆ):
ತುಂಬಾ ಧನ್ಯವಾದ ಸರ್. ಐಸೊಸೈನೇಟ್ ವಿಷಕಾರಿ ಎಂದು ಕೇಳಿದ್ದೇನೆ. ಹೊಸ ಹಾಸಿಗೆ ವಾಸನೆ ಬರುವುದು ಅದರಿಂದಲೇ? ಮನೆಯಲ್ಲಿ 8 ತಿಂಗಳ ಮಗುವೂ ಇದೆ.

ಉತ್ತರ:
ಐಸೊಸೈನೇಟ್ ಅಪಾಯಕಾರಿಯಾಗಿರುವುದು ತಯಾರಿಕೆಯ ಹೊತ್ತಿನಲ್ಲಿ, ಅದರ ಆವಿ ಉಸಿರಾಡುವ ಕಾರ್ಮಿಕರಿಗೆ. ಅವರಿಗೆ ಅಸ್ತಮಾ ಬರಬಹುದು, ಆದ್ದರಿಂದಲೇ ಕಾರ್ಖಾನೆಗಳಲ್ಲಿ ಕಟ್ಟುನಿಟ್ಟಾದ ರಕ್ಷಣೆ ಬೇಕು. ಪೂರ್ತಿ ಹದಗೊಂಡ ಫೋಮ್‌ನಲ್ಲಿ ಅದು ಪಾಲಿಯಾಲ್‌ನೊಡನೆ ಬೆಸೆದು ಬೇರೆಯೇ ವಸ್ತುವಾಗಿರುತ್ತದೆ. ಹೊಸ ಹಾಸಿಗೆಯ ವಾಸನೆ ಬರುವುದು ಉಳಿದಿರುವ ಆವಿಶೀಲ ಸಂಯುಕ್ತಗಳಿಂದ. ಸಸ್ಯಮೂಲದ ಫೋಮ್‌ಗೂ ವಾಸನೆ ಇರುತ್ತದೆ. ಪ್ಲಾಸ್ಟಿಕ್ ಬಿಚ್ಚಿ, ಕಿಟಕಿ ತೆರೆದ ಕೋಣೆಯಲ್ಲಿ ಕೆಲವು ದಿನ ಇಡಿ, ಸಾಮಾನ್ಯವಾಗಿ ಹೋಗುತ್ತದೆ. ಫೋಮ್‌ಗಳನ್ನು ಪರೀಕ್ಷಿಸಿ ಕೊಡುವ ಸರ್ಟಿಪುರ್-ಯುಎಸ್ ಎಂಬ ಪ್ರಮಾಣೀಕರಣದ ಗುರುತಿದ್ದರೆ ಆವಿಶೀಲ ಸಂಯುಕ್ತಗಳ ಒಟ್ಟು ಹೊರಸೂಸುವಿಕೆ ಹತ್ತು ಲಕ್ಷಕ್ಕೆ 0.5 ಪಾಲಿಗಿಂತ ಕಡಿಮೆ ಇರಬೇಕು. ಫಾರ್ಮಾಲ್ಡಿಹೈಡ್, ಸೀಸ, ಪಾದರಸ ಇತ್ಯಾದಿ ಬಳಸದೆ ಮಾಡಿರಬೇಕು. ಫೋಮ್‌ನಲ್ಲಿ ಸಸ್ಯದ ಪಾಲು ಎಷ್ಟೆಂದು ಆ ಗುರುತು ಹೇಳುವುದಿಲ್ಲ.

ಮಗುವಿನ ವಿಷಯದಲ್ಲಿ ಮಾತ್ರ ದಯವಿಟ್ಟು ಗಮನವಿಡಿ. ಒಂದು ವರ್ಷ ತುಂಬದ ಮಗುವನ್ನು ಯಾವ ಮೆಮೊರಿ ಫೋಮ್ ಮೇಲೂ ಮಲಗಿಸಬೇಡಿ. ಬೋರಲಾದಾಗ ಮುಖ ಹೂತು ಉಸಿರು ಕಟ್ಟಬಹುದು. ಮಗುವಿಗೆ ಸಮತಟ್ಟಾದ, ಗಟ್ಟಿಯಾದ, ಪ್ರತ್ಯೇಕ ಹಾಸಿಗೆ ಬೇಕು.

ಇನ್ನೊಬ್ಬ ಸದಸ್ಯರು:
ಸರ್, ನನಗೆ ರಬ್ಬರ್ ಲ್ಯಾಟೆಕ್ಸ್ ಅಲರ್ಜಿ ಇದೆ. ಸಸ್ಯಮೂಲದ ಫೋಮ್ ಎಂದರೆ ಲ್ಯಾಟೆಕ್ಸೇ?

ಉತ್ತರ:
ಅಲ್ಲ. ನೈಸರ್ಗಿಕ ಲ್ಯಾಟೆಕ್ಸ್ ರಬ್ಬರ್ ಮರದ ಹಾಲಿನಿಂದ ಆಗುತ್ತದೆ, ಒತ್ತಿ ಬಿಟ್ಟ ಕೂಡಲೇ ಪುಟಿದೇಳುತ್ತದೆ. ಆದರೆ ಕೆಲವು ಹೈಬ್ರಿಡ್‌ಗಳಲ್ಲಿ ಮೆಮೊರಿ ಫೋಮ್ ಜೊತೆಗೆ ಲ್ಯಾಟೆಕ್ಸ್ ಪದರವೂ ಇರುತ್ತದೆ. ಪದರಗಳ ಪೂರ್ಣ ಪಟ್ಟಿ ಕೈಗೆ ಬಾರದೆ ನೀವು ಕೊಳ್ಳಬೇಡಿ.

ಇನ್ನೊಬ್ಬ ಸದಸ್ಯೆ:
ಮೆಮೊರಿ ಫೋಮ್ ಬಿಸಿಯಾಗುತ್ತದೆ ಎನ್ನುತ್ತಾರೆ. ಸಸ್ಯಮೂಲದ್ದು ತಂಪಾಗಿರುತ್ತದೆ ಎಂದು ಜಾಹೀರಾತಿನಲ್ಲಿದೆ. ಹೌದೇ ಸರ್?

ಉತ್ತರ:
ಎಣ್ಣೆ ಯಾವ ಬೀಜದ್ದು ಎಂಬುದರಿಂದ ತಂಪು ಬರುವುದಿಲ್ಲ. ಫೋಮ್‌ನ ಸಣ್ಣ ಕೋಶಗಳು ತೆರೆದಿವೆಯೇ, ಗಾಳಿ ಹಾಯುತ್ತದೆಯೇ ಎಂಬುದು ಮುಖ್ಯ. ಮೆಮೊರಿ ಫೋಮ್ ಮೈಬಿಸಿಗೆ ಮೆತ್ತಗಾಗಿ ದೇಹವನ್ನು ಅಪ್ಪಿಕೊಳ್ಳುತ್ತದೆ, ಶಾಖ ನಿಲ್ಲುವುದು ಅದರಿಂದಲೇ. ಜೆಲ್ ಬೆರೆಸಿದ್ದು ಮಲಗಿದ ಮೊದಲಿಗೆ ತಣ್ಣಗಿದ್ದು ಆಮೇಲೆ ಮೈಬಿಸಿಗೇ ಬರುತ್ತದೆ. ಹೈಬ್ರಿಡ್‌ನ ಅನುಕೂಲವೆಂದರೆ ಸ್ಪ್ರಿಂಗ್‌ಗಳ ನಡುವೆ ಗಾಳಿಯಾಡುತ್ತದೆ. ಸೆಖೆ ತಾಳದವರು ಮೆಮೊರಿ ಪದರ ತೆಳುವಾಗಿ, ಅದರಡಿ ಬೇರೆ ಮೆತ್ತನೆಯ ಫೋಮ್ ಇರುವುದನ್ನು ಆರಿಸಿ. ನೀರು ಸೋರದ ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ಈ ಅನುಕೂಲವೆಲ್ಲ ಹೋಗುತ್ತದೆ.

ಮತ್ತೊಬ್ಬ ಸದಸ್ಯರು:
ಸರ್, ಬೆನ್ನು ನೋವಿಗೆ ಹಲಗೆಯಂತೆ ಗಟ್ಟಿಯಾದ ಹಾಸಿಗೆಯೇ ಮದ್ದು ಎಂದು ತಂದೆಯವರು ಹೇಳುತ್ತಾರೆ.

ಉತ್ತರ:
ಹಿರಿಯರ ಈ ಮಾತು ತಗ್ಗು ಬಿದ್ದ ಹಾಸಿಗೆಗೆ ಹೋಲಿಸಿದರೆ ಸರಿಯೇ. ಆದರೆ 2003ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನ್‌ನ ಅಧ್ಯಯನವೊಂದು ಪ್ರಕಟವಾಯಿತು. ದೀರ್ಘಕಾಲದ ಸೊಂಟ ನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಡಸಿನ ಹಾಸಿಗೆ ಕೊಟ್ಟು 90 ದಿನ ನೋಡಿದರು. ಮಧ್ಯಮ ಗಡಸಿನದರಲ್ಲಿ ಮಲಗಿದವರಿಗೆ ನೋವು ಹೆಚ್ಚು ಇಳಿದಿತ್ತು. ಬೆನ್ನುಮೂಳೆಗೆ ಅದರ ಸಹಜ ಬಾಗು ಉಳಿಯಬೇಕು. ಹಲಗೆಯ ಮೇಲೆ ಸೊಂಟದ ಹಿಂದೆ ಟೊಳ್ಳು ಉಳಿದುಬಿಡುತ್ತದೆ. ಕಾಲಿಗೆ ಜೋಮು ಇಳಿಯುತ್ತಿದ್ದರೆ, ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ ಹಾಸಿಗೆ ಹುಡುಕುವ ಮೊದಲು ವೈದ್ಯರನ್ನು ಕಾಣಲಿ.

ಮೊದಲ ಸದಸ್ಯೆ:
ಸರ್, ಮಾರುವವರಿಂದ ಬರಹದಲ್ಲಿ ಉತ್ತರ ಬಂತು. ನಾವು ನೋಡಿದ್ದರಲ್ಲಿ ಮೆಮೊರಿ ಫೋಮ್ 5 ಸೆಂ.ಮೀ., ಡೆನ್ಸಿಟಿ 35, ಪಾಲಿಯಾಲ್‌ನಲ್ಲಿ ಶೇ 30 ಸಸ್ಯಮೂಲ. ಅವರದೇ ಇನ್ನೊಂದರಲ್ಲಿ ಡೆನ್ಸಿಟಿ 55, ಸಸ್ಯಮೂಲ ಶೇ 15, ಅದರಡಿ 3 ಸೆಂ.ಮೀ. ಇನ್ನೊಂದು ಮೆತ್ತನೆಯ ಪದರ. ಎರಡೂ ಪಾಕೆಟ್ ಸ್ಪ್ರಿಂಗ್. ಯಾವುದು?

ಉತ್ತರ:
ಎರಡನೆಯದು, ಅನುಮಾನವೇ ಬೇಡ. ಪರಿಸರದ ದೃಷ್ಟಿಯಿಂದಲೂ ಅದೇ ಸರಿ ಎನ್ನುತ್ತೇನೆ. ಬೇಗ ಕುಸಿದು ಕಸಕ್ಕೆ ಹೋಗುವ ಶೇ 30ಕ್ಕಿಂತ ಹೆಚ್ಚು ವರ್ಷ ಬಾಳುವ ಶೇ 15 ಮೇಲು.

ತಂದ ಮೇಲೆ ಮಂಚ ನೋಡಿಕೊಳ್ಳಿ. ಅಡ್ಡಪಟ್ಟಿಗಳ ನಡುವಿನ ಸಂದು 7 ಸೆಂ.ಮೀ. ಮೀರಬಾರದು, ಮೀರಿದರೆ ಸ್ಪ್ರಿಂಗ್ ಅಲ್ಲಿ ಇಳಿಯುತ್ತದೆ. ಸುತ್ತಿ ತಂದ ಹಾಸಿಗೆ ಪೂರ್ತಿ ಅರಳಲು ಎರಡು ಮೂರು ದಿನ ಬೇಕಾಗಬಹುದು. ಮೆತ್ತನೆಯ ಪದರಗಳು ಮೇಲ್ಗಡೆ ಮಾತ್ರ ಇರುವುದರಿಂದ ಮಗುಚಬೇಡಿ, ಕೆಲವು ತಿಂಗಳಿಗೊಮ್ಮೆ ತಲೆಯ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಿ. ಹೊರಕವಚಕ್ಕೆ ಜಿಪ್ ಇದ್ದರೂ ಚೀಟಿಯಲ್ಲಿ ತೊಳೆಯಬಹುದು ಎಂದು ಬರೆದಿರದಿದ್ದರೆ ಬಿಚ್ಚಬೇಡಿ. ಕೆಲವದರಲ್ಲಿ ಬೆಂಕಿ ತಡೆಗೆಂದು ಒಳಗೆ ಗಾಜಿನ ನಾರು ಇರುತ್ತದೆ, ಅದು ಹೊರಬಂದರೆ ಕೋಣೆಯಿಡೀ ಹರಡುತ್ತದೆ. ಹಳೆಯ ತಗ್ಗಿಗೆ ಒಗ್ಗಿದ ಮೈಗೆ ಮೊದಲ ಎರಡು ಮೂರು ವಾರ ಹೊಸದು ಅಪರಿಚಿತವೆನಿಸುತ್ತದೆ, ಆದ್ದರಿಂದ ಹಿಂತಿರುಗಿಸುವ ಅವಧಿ ಒಂದು ತಿಂಗಳಿಗಿಂತ ಹೆಚ್ಚಿದೆಯೇ, ಎಷ್ಟು ಆಳದ ತಗ್ಗು ಬಿದ್ದರೆ ವಾರಂಟಿ ಸಿಗುತ್ತದೆ ಎಂಬುದನ್ನು ಹಣ ಕೊಡುವ ಮೊದಲೇ ರಸೀದಿಯಲ್ಲಿ ಬರೆಸಿಕೊಳ್ಳಿ.