ವಕೀಲಿಕೆಯಿಂದ ರಾಜಭವನಕ್ಕೆ: ಗೊತ್ತಾದ ದಾರಿಯೊಂದು ಇದೆಯೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ಮೂಡುಬಿದಿರೆ ಸಮೀಪದ ಬೆಳುವಾಯಿಯವರಾದ ಎಸ್. ಅಬ್ದುಲ್ ನಜೀರ್ ಅವರು ಆಂಧ್ರಪ್ರದೇಶದ ರಾಜ್ಯಪಾಲರಾದುದನ್ನು ಓದಿದಂದಿನಿಂದ, ವಕೀಲರು ಆ ಹುದ್ದೆಗೆ ಏರುವುದು ಹೇಗೆ ಎಂದು ಕೇಳುತ್ತಿದ್ದಾಳೆ. ಅದಕ್ಕೆ ಪರೀಕ್ಷೆಯೋ, ಇಂತಿಷ್ಟು ವರ್ಷಗಳ ವಕೀಲಿಕೆ ಎಂಬ ನಿಯಮವೋ ಇದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ:
ಎರಡೂ ಇಲ್ಲ. ಸಂವಿಧಾನದ 157ನೇ ವಿಧಿಯ ಪ್ರಕಾರ ಭಾರತದ ಪ್ರಜೆಯಾಗಿದ್ದು, 35 ವರ್ಷ ತುಂಬಿದ್ದರೆ ಸಾಕು. ನೇಮಿಸುವವರು ರಾಷ್ಟ್ರಪತಿಗಳು, ಅದೂ ಕೇಂದ್ರ ಸರ್ಕಾರದ ಸಲಹೆಯಂತೆ. ನಜೀರ್ ಅವರು 1983ರಲ್ಲಿ ವಕೀಲರಾಗಿ ನೋಂದಾಯಿಸಿಕೊಂಡು, ಕರ್ನಾಟಕ ಹೈಕೋರ್ಟಿನಲ್ಲಿ ಸುಮಾರು 20 ವರ್ಷ ವಾದ ಮಂಡಿಸಿ, 2003ರಲ್ಲಿ ಅಲ್ಲಿಯೇ ಹೆಚ್ಚುವರಿ ನ್ಯಾಯಮೂರ್ತಿಯಾದರು. ಯಾವ ಹೈಕೋರ್ಟಿಗೂ ಮುಖ್ಯ ನ್ಯಾಯಮೂರ್ತಿಯಾಗದೆ 2017ರಲ್ಲಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ರಾಜ್ಯಪಾಲರಿಗೆ ಪ್ರಮಾಣವಚನ ಬೋಧಿಸುವವರು ಆ ರಾಜ್ಯದ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ. ಹೈಕೋರ್ಟುಗಳ ತೀರ್ಪನ್ನು ಆರು ವರ್ಷ ಪರಿಶೀಲಿಸಿದವರು, 2023ರ ಫೆಬ್ರವರಿ 24ರಂದು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯ ಮುಂದೆ ನಿಂತು ಪ್ರಮಾಣ ಸ್ವೀಕರಿಸಿದರು!

ಎರಡನೆಯ ಉತ್ತರ:
ಮೇಲಿನ ವಿವರಕ್ಕೆ ಒಂದು ಮಾತು ಸೇರಿಸುತ್ತೇನೆ. ಅವರು ನಿವೃತ್ತರಾದದ್ದು 2023ರ ಜನವರಿ 4ರಂದು, ನೇಮಕ ಪ್ರಕಟವಾದದ್ದು ಫೆಬ್ರವರಿ 12ರಂದು, ಅಂದರೆ 39 ದಿನಗಳಲ್ಲಿ. ವ್ಯಕ್ತಿಯ ಯೋಗ್ಯತೆಯ ಬಗ್ಗೆ ನನ್ನ ಆಕ್ಷೇಪವಿಲ್ಲ, ಆದರೆ ಸರ್ಕಾರ ಕಕ್ಷಿದಾರನಾಗಿದ್ದ ಮೊಕದ್ದಮೆಗಳನ್ನು ನಿನ್ನೆ ಮೊನ್ನೆಯವರೆಗೆ ತೀರ್ಮಾನಿಸಿದವರಿಗೆ ಅದೇ ಸರ್ಕಾರ ಹುದ್ದೆ ಕೊಡುವಾಗ ನಡುವೆ ಎರಡು ವರ್ಷಗಳಾದರೂ ಕಳೆದಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. 1950ರಲ್ಲಿ ಕೇರಳದಲ್ಲಿ ವಕೀಲಿಕೆ ಆರಂಭಿಸಿ, ಮುನ್ಸಿಫ್ (ಕೆಳಹಂತದ ಸಿವಿಲ್ ನ್ಯಾಯಾಧೀಶ) ಹುದ್ದೆಯಿಂದ ಹಂತಹಂತವಾಗಿ ಮೇಲೆ ಬಂದು ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದ ಫಾತಿಮಾ ಬೀವಿ ಅವರು 1992ರಲ್ಲಿ ನಿವೃತ್ತರಾದರೂ ತಮಿಳುನಾಡಿನ ರಾಜ್ಯಪಾಲರಾದದ್ದು 1997ರಲ್ಲಿ.

ಮೂರನೆಯ ಉತ್ತರ:
ನ್ಯಾಯಪೀಠವೊಂದೇ ದಾರಿಯಲ್ಲ. ಎಸ್.ಎಂ. ಕೃಷ್ಣ ಅವರು ಕಾನೂನು ಓದಿ, ಕಾನೂನು ಕಾಲೇಜಿನಲ್ಲಿ ಪಾಠ ಹೇಳಿ, ಚುನಾವಣೆಗೆ ನಿಂತು ಗೆದ್ದು, ಮುಖ್ಯಮಂತ್ರಿಯಾದ ಮೇಲೆ 2004ರಲ್ಲಿ ಮಹಾರಾಷ್ಟ್ರದ ರಾಜ್ಯಪಾಲರಾದರು. ನಿಮ್ಮ ಮಗಳು ಇದನ್ನೂ ಗಮನಿಸಲಿ: ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯನ್ನು ತೆಗೆಯಲು ಸಂಸತ್ತಿನ ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು, ಆದರೆ 156ನೇ ವಿಧಿಯಂತೆ ರಾಜ್ಯಪಾಲರು ಅಧಿಕಾರದಲ್ಲಿರುವುದು ರಾಷ್ಟ್ರಪತಿಗಳ ಇಚ್ಛೆ ಇರುವವರೆಗೆ ಮಾತ್ರ. ಈ ಅಧಿಕಾರವನ್ನು ಮನಬಂದಂತೆ ಚಲಾಯಿಸಬಾರದೆಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿದ್ದರೂ, ಐದು ವರ್ಷದ ಅವಧಿ ಪೂರ್ಣಗೊಳ್ಳುತ್ತದೆಂಬ ಖಾತರಿ ಆ ಹುದ್ದೆಗೆ ಇಲ್ಲ.