ಕೆಳಗಿನ ಡಿವಿಷನ್ ಮಹಿಳಾ ಫುಟ್‌ಬಾಲ್ ಲೀಗ್: ಮೊದಲನೇ ಸೀಸನ್, ಅನುಭವ ಇರೋರು ಹೇಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಟೀಮು ಈ ಸಲ ಮೊದಲನೇ ಬಾರಿ ಮಹಿಳಾ ಲೀಗಿಗೆ ಹೆಸರು ಕೊಟ್ಟಿದೆ, ಎಲ್ಲಕ್ಕಿಂತ ಕೆಳಗಿನ ಡಿವಿಷನ್. ಯಾರಿಗೂ ಸಂಬಳ ಇಲ್ಲ, ಎಲ್ಲರೂ ಕೆಲಸಕ್ಕೋ ಕಾಲೇಜಿಗೋ ಹೋಗೋರೇ, ಕೆಲವರಿಗೆ ಚಿಕ್ಕ ಮಕ್ಕಳೂ ಇದಾರೆ. ಮ್ಯಾನೇಜರ್ ಜಾಗದಲ್ಲಿ ನನ್ನ ಹೆಸರು ಬರೆಸಿದಾರೆ. ಪಟ್ಟಿಲಿ ಹದಿನೆಂಟು ಜನ ಇದಾರೆ, ಇಷ್ಟು ಸಾಕಾ? ಬಲವಾದ ಟೀಮಿನ ಎದುರು ರಾಶಿ ಗೋಲು ಬಿದ್ರೆ ಹುಡುಗೀರು ಮನಸ್ಸು ಮುರ್ಕೊಂಡು ಬಿಟ್ಟುಹೋಗ್ತಾರೇನೋ ಅನ್ನೋದು ಇನ್ನೊಂದು ಭಯ. ಪೂರ್ತಿ ಸೀಸನ್ ದಾಟಿರೋರು ದಯವಿಟ್ಟು ಹೇಳಿ.

ಟೀಮ್ ನಡೆಸಿದವರ ಉತ್ತರ

ಮೇಡಂ, ಹದಿನೆಂಟು ಅನ್ನೋದು ಕಾಗದದ ಮೇಲಿನ ಲೆಕ್ಕ, ಸೀಸನ್ ಅರ್ಧಕ್ಕೆ ಬರೋ ಹೊತ್ತಿಗೆ ಒಬ್ಬಳಿಗೆ ಪರೀಕ್ಷೆ, ಒಬ್ಬಳಿಗೆ ಶಿಫ್ಟ್ ಬದಲಾಗಿರತ್ತೆ, ಒಬ್ಬಳ ಮಂಡಿ ಊದಿರತ್ತೆ, ಇನ್ನೊಬ್ಬಳ ಮಗುಗೆ ಜ್ವರ, ಮ್ಯಾಚಿನ ಬೆಳಗ್ಗೆ ನೋಡಿದ್ರೆ ಹನ್ನೊಂದು ಜನ ಆಗೋದೇ ಕಷ್ಟ. ಈ ಮಟ್ಟದಲ್ಲಿ ಲೀಗ್ ಟೇಬಲ್‌ನ ಮೇಲಿನ ಅರ್ಧದಲ್ಲಿ ಉಳಿಯೋರು ಚೆನ್ನಾಗಿ ಆಡೋರು ಮಾತ್ರ ಅಲ್ಲ, ಪ್ರತಿ ವಾರ ಹನ್ನೊಂದು ಜನರನ್ನ ಮೈದಾನಕ್ಕೆ ಇಳಿಸೋರು. ನಾನು ಇಷ್ಟು ಕಾಲ ನೋಡಿದ್ರಲ್ಲಿ ಇದಕ್ಕಿಂತ ದೊಡ್ಡ ಸತ್ಯ ಕಂಡಿಲ್ಲ. ತಂತ್ರ, ಫಾರ್ಮೇಶನ್ ಎಲ್ಲ ಆಮೇಲೆ.

ನಿಯಮದ ಪ್ರಕಾರ ಒಂದು ಕಡೆ ಏಳು ಜನಕ್ಕಿಂತ ಕಡಿಮೆ ಇದ್ರೆ ಮ್ಯಾಚ್ ಶುರು ಮಾಡೋ ಹಾಗಿಲ್ಲ. ಅಂದ್ರೆ ಎಂಟು ಒಂಬತ್ತು ಜನ ಇದ್ರೂ ಆಡಬಹುದು, ಆಡಿ. ಆಡದೇ ಮ್ಯಾಚ್ ಬಿಟ್ಟುಕೊಟ್ರೆ, ಅಂದ್ರೆ ವಾಕೋವರ್ ಕೊಟ್ರೆ, ಸಾಮಾನ್ಯವಾಗಿ ಎದುರಿನವರಿಗೆ 3-0 ಗೆಲುವು ಬರೀತಾರೆ, ಕೆಲವು ಲೀಗಲ್ಲಿ ದಂಡ, ಪಾಯಿಂಟ್ ಕಡಿತ ಕೂಡ ಇರತ್ತೆ, ನಿಮ್ಮ ಲೀಗಿನ ನಿಯಮದ ಪುಸ್ತಕ ಕೈಗೆ ಬಂದ ದಿನವೇ ಆ ಪುಟ ಓದಿ. ಹಂಗೇ ಆಟಗಾರ್ತಿಯರ ನೋಂದಣಿ ಯಾವ ತಾರೀಖಿಗೆ ಮುಚ್ಚತ್ತೆ ಅಂತ ನೋಡ್ಕೊಂಡು, ಅಪರೂಪಕ್ಕೆ ಬರ್ತೀನಿ ಅನ್ನೋ ಹಳೇ ಆಟಗಾರ್ತಿಯರನ್ನೂ ಸೇರಿಸಿಬಿಡಿ. ತಿಂಗಳಿಗೆ ಒಂದೇ ಮ್ಯಾಚಿಗೆ ಬಂದ್ರೂ ಆ ದಿನ ಅವಳೇ ಹನ್ನೊಂದನೆಯವಳು ಆಗಿರ್ತಾಳೆ.

ಯಾರು ಬರ್ತೀರಾ ಅಂತ ವಾಟ್ಸಾಪ್ ಗ್ರೂಪಲ್ಲಿ ಕೇಳಿದ್ರೆ ಅರ್ಧ ಜನ ನೋಡಿ ಸುಮ್ಮನಿರ್ತಾರೆ. ವಾರದ ಮಧ್ಯದಲ್ಲೇ ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿ, ಆಗಲ್ಲ ಅಂದವರ ಮೇಲೆ ರೇಗಬೇಡಿ. ರೇಗಿದ್ರೆ ಮುಂದಿನ ಸಲ ಅವಳು ಆಗಲ್ಲ ಅಂತ ಹೇಳೋದೇ ಇಲ್ಲ, ಬರೋದೂ ಇಲ್ಲ.

ಕೇಳಿದವರು

ತುಂಬಾ ಥ್ಯಾಂಕ್ಸ್ ಸರ್. ಬದಲಿ ಆಟಗಾರ್ತಿ ಬಗ್ಗೆ ಒಂದು ಡೌಟು. ಹೊರಗೆ ಬಂದವಳು ಮತ್ತೆ ಒಳಗೆ ಹೋಗಬಹುದಾ? ಒಬ್ಬರು ಹೌದು ಅಂತಾರೆ, ಇನ್ನೊಬ್ಬರು ಇಲ್ಲ ಅಂತಾರೆ.

ಅದೇ ಟೀಮ್ ನಡೆಸಿದವರು

ಇಬ್ಬರು ಹೇಳಿದ್ದೂ ಸರಿನೇ. ಮೇಲಿನ ಮಟ್ಟದಲ್ಲಿ ಹೋಗೋ ಹಾಗಿಲ್ಲ. ಆದ್ರೆ ಯೂತ್, ವಯಸ್ಸಾದವರ (ವೆಟರನ್ಸ್) ಫುಟ್‌ಬಾಲ್, ತಳಮಟ್ಟದ ಲೀಗುಗಳಲ್ಲಿ ಆಯಾ ದೇಶದ ಫುಟ್‌ಬಾಲ್ ಸಂಸ್ಥೆ ಒಪ್ಪಿದ್ರೆ ವಾಪಸ್ ಹೋಗೋ ಬದಲಾವಣೆಗೆ ಆಟದ ನಿಯಮದಲ್ಲೇ ಜಾಗ ಇದೆ. ನಿಮ್ಮ ಲೀಗಿನವರನ್ನ ಬರವಣಿಗೆಯಲ್ಲೇ ಕೇಳಿ. ಇದ್ರೆ ನಿಮ್ಮಂಥ ಟೀಮಿಗೆ ವರ, ಸುಸ್ತಾದವಳನ್ನ ಹತ್ತು ನಿಮಿಷ ಕೂರಿಸಿ ಮತ್ತೆ ಕಳಿಸಬಹುದು.

ಮಂಡಿ ಆಪರೇಷನ್ ಆಗಿರೋ ಮಿಡ್‌ಫೀಲ್ಡರ್

ಅಕ್ಕ, ಜನ ಕಡಿಮೆ ಆಗೋದಕ್ಕೆ ದೊಡ್ಡ ಕಾರಣ ಗಾಯ, ಅದರಲ್ಲೂ ಮಂಡಿ. ಮಂಡಿ ಒಳಗೆ ಮೂಳೆಗಳನ್ನ ಹಿಡಿದಿಡೋ ಎಸಿಎಲ್ ಅನ್ನೋ ಲಿಗಮೆಂಟ್ ಹರಿಯೋದು ಗಂಡಸರಿಗಿಂತ ಹೆಂಗಸರ ಫುಟ್‌ಬಾಲಲ್ಲಿ ಎರಡು ಮೂರು ಪಟ್ಟಾದ್ರೂ ಜಾಸ್ತಿ. ನಂಗೆ ಯಾರೂ ಒದ್ದಿರಲಿಲ್ಲ, ಓಡ್ತಾ ಓಡ್ತಾ ದಿಕ್ಕು ಬದಲಿಸಿದೆ ಅಷ್ಟೇ, ಟಪ್ ಅಂತು. ತುಂಬ ಜನಕ್ಕೆ ಹೀಗೇ ಆಗೋದು, ಎದುರಾಳಿ ಮುಟ್ಟಿರೋದೇ ಇಲ್ಲ. ಆಪರೇಷನ್ ಆದ್ರೆ ಕಡಿಮೆ ಅಂದ್ರೂ ಒಂಬತ್ತು ತಿಂಗಳು ಆಟ ಬಂದ್, ಅದಕ್ಕಿಂತ ಬೇಗ ಇಳಿದ್ರೆ ಮತ್ತೆ ಪೆಟ್ಟಾಗೋ ಸಾಧ್ಯತೆ ಏರತ್ತೆ, ಪೂರ್ತಿ ಸೀಸನ್ ಹೋದಂಗೇ.

ಅದಕ್ಕೇ ಕೈಮುಗಿದು ಕೇಳ್ಕೋತೀನಿ, ವಾರ್ಮಪ್ಪಿಗೆ ಮೈದಾನ ಎರಡು ಸುತ್ತು ಹೊಡೆಸಿ ಬಿಡಬೇಡಿ. ಫಿಫಾದವರ 11 ಪ್ಲಸ್ ಅಂತ ಒಂದು ವಾರ್ಮಪ್ ಇದೆ, ದುಡ್ಡು ಕೊಡಬೇಕಿಲ್ಲ, ಬಾಲು ಕೋನು ಬಿಟ್ಟು ಬೇರೆ ಸಾಮಾನು ಬೇಡ. 15 ವ್ಯಾಯಾಮ, ರೂಢಿಯಾದ ಮೇಲೆ 20 ನಿಮಿಷದಲ್ಲಿ ಮುಗಿಯತ್ತೆ. ಮೊದಲು ನಿಧಾನ ಓಟ, ನಡುವೆ ಪ್ಲ್ಯಾಂಕು, ಒಂಟಿ ಕಾಲಲ್ಲಿ ನಿಲ್ಲೋದು, ತೊಡೆ ಹಿಂಭಾಗಕ್ಕೆ ಬಲ ಕೊಡೋದು, ನೆಗೆದು ಇಳಿಯೋದು, ಕೊನೆಗೆ ಜೋರು ಓಟ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ಮೇಲೆ ಮಾಡಿದ ಅಧ್ಯಯನ 2008ರಲ್ಲಿ ಪ್ರಕಟ ಆಯ್ತು, ತೀವ್ರ ಗಾಯಗಳು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿದ್ವು. ಆದ್ರೆ ವಾರಕ್ಕೆ ಎರಡು ಸಲನಾದ್ರೂ ಮಾಡಬೇಕು, ಮತ್ತೆ ಸರಿಯಾಗಿ ಮಾಡಬೇಕು. ನೆಗೆದು ಇಳಿಯುವಾಗ ಮಂಡಿ ಒಳಗಡೆ ವಾಲಬಾರದು, ಪಾದದ ನೇರಕ್ಕೇ ಇರಬೇಕು. ಇದೊಂದನ್ನ ಜೋಡಿ ಜೋಡಿಯಾಗಿ ಒಬ್ಬರದ್ದು ಒಬ್ಬರು ನೋಡಿ ತಿದ್ದಲಿ. ಮೊದಲ ಎರಡು ವಾರ ಬೋರ್ ಅಂತಾರೆ, ಬಿಡಬೇಡಿ ಅಕ್ಕ.

ಗೋಲ್‌ಕೀಪರ್

ಒಂದೇ ಮಾತು, ಎರಡನೇ ಗೋಲ್‌ಕೀಪರನ್ನ ಈಗಲೇ ತಯಾರು ಮಾಡಿ. ಕೆಳಗಿನ ಡಿವಿಷನ್ನಲ್ಲಿ ಇರೋ ಒಬ್ಬಳು ಕೀಪರ್ ಬರಲಿಲ್ಲ ಅಂದ್ರೆ ಅಲ್ಲಿಗೆ ಮ್ಯಾಚ್ ಮುಗೀತು. ಗೋಲಿನ ಅಳತೆ ಗಂಡಸರಿಗೂ ನಮಗೂ ಒಂದೇ, 7.32 ಮೀಟರ್ ಅಗಲ 2.44 ಎತ್ತರ, ಹಾಗಾಗಿ ದೂರದಿಂದ ಎತ್ತಿ ಹೊಡೆದ ಬಾಲು ಕ್ರಾಸ್‌ಬಾರ್ ಕೆಳಗೆ ಇಳಿದ್ರೆ ನನ್ನಂಥ ಕಡಿಮೆ ಎತ್ತರದವಳಿಗೆ ಕೈಗೆ ಸಿಗಲ್ಲ. ಅದಕ್ಕೆ ಕೀಪರನ್ನ ಬೈದು ಉಪಯೋಗ ಇಲ್ಲ. ಹೊಡೆಯೋಳ ಹತ್ರ ಮಿಡ್‌ಫೀಲ್ಡಿನವರು ಬೇಗ ಹೋಗಿ ನಿಲ್ಲಬೇಕು, ಆರಾಮಾಗಿ ಕಾಲೆತ್ತೋಕೆ ಬಿಡಬಾರದು. ನಮ್ಮ ಟೀಮಲ್ಲಿ ಇದನ್ನ ಅಭ್ಯಾಸ ಮಾಡಿದ ಮೇಲೆ ನಂಗೆ ಗೋಲು ಬೀಳೋದು ಕಣ್ಣಿಗೆ ಕಾಣೋಷ್ಟು ಕಮ್ಮಿ ಆಯ್ತು.

ಕೋಚ್

ರಾಶಿ ಗೋಲು ಬೀಳೋ ಭಯದ ಬಗ್ಗೆ ಬರೀತೀನಿ. ಕೆಳಗಿನ ಡಿವಿಷನ್ನಲ್ಲಿ ಟೀಮುಗಳ ನಡುವೆ ಅಂತರ ವಿಪರೀತ, ಹತ್ತು ವರ್ಷ ಜೊತೆಗೆ ಆಡಿದವರೂ ನಿನ್ನೆ ಮೊನ್ನೆ ಬೂಟು ಕಟ್ಟಿದವರೂ ಒಂದೇ ಟೇಬಲ್ಲಲ್ಲಿ ಇರ್ತಾರೆ, ಹಾಗಾಗಿ ಒಂದೆರಡು ದೊಡ್ಡ ಸೋಲು ಬಂದೇ ಬರತ್ತೆ. 2019ರ ಮಹಿಳಾ ವಿಶ್ವಕಪ್ಪಲ್ಲೇ ಥಾಯ್ಲೆಂಡ್ ಅಮೆರಿಕದ ಎದುರು 13-0 ಸೋತಿತ್ತು. ಮುಂದಿನ ಮ್ಯಾಚ್ ಸ್ವೀಡನ್ ಜೊತೆ, ಅದನ್ನೂ 5-1ರಲ್ಲಿ ಸೋತ್ರು, ಆದ್ರೆ ಕೊನೆಯ ಇಂಜುರಿ ಟೈಮಲ್ಲಿ ಥಾಯ್ಲೆಂಡಿನ ಕಾಂಚನಾ ಸುಂಗ್‌ಗೋನ್ ಆ ಒಂದು ಗೋಲು ಹೊಡೆದಾಗ ಮೈದಾನದ ಪಕ್ಕದಲ್ಲಿದ್ದ ತಂಡದ ಮ್ಯಾನೇಜರ್ ನುವಲ್‌ಫಾನ್ ಲಾಮ್‌ಸಾಮ್ ಅತ್ತೇ ಬಿಟ್ರು. ನಾನು ಆ ದೃಶ್ಯನ ನಮ್ಮ ಹುಡುಗೀರಿಗೆ ತೋರಿಸ್ತೀನಿ.

ಎಲ್ಲಾ ಮ್ಯಾಚಿಗೂ ಸ್ಕೋರ್ ಬಿಟ್ಟು ಬೇರೆ ಒಂದು ಗುರಿ ಇಟ್ಕೊಳ್ಳಿ. ಮೊದಲ ಇಪ್ಪತ್ತು ನಿಮಿಷ ಗೋಲು ಬಿಡಬಾರದು, ಅಥವಾ ನಾವು ಎಸೆದ ಥ್ರೋ ಇನ್ ನಮ್ಮವರಿಗೇ ಸಿಗಬೇಕು, ಅಥವಾ ದ್ವಿತೀಯಾರ್ಧ ಮೊದಲಾರ್ಧಕ್ಕಿಂತ ಚೆನ್ನಾಗಿರಬೇಕು. ಅದೇ ಟೀಮು ಎರಡನೇ ಸುತ್ತಲ್ಲಿ ಮತ್ತೆ ಸಿಗತ್ತಲ್ಲ, ಆಗ 9-0 ಇದ್ದಿದ್ದು 4-0 ಆದ್ರೆ ಹುಡುಗೀರಿಗೆ ಅದರ ಬೆಲೆ ಗೊತ್ತಾಗತ್ತೆ. ಇನ್ನು ಸೋತ ದಿನ ರಾತ್ರಿ ಗ್ರೂಪಲ್ಲಿ ಯಾರ ತಪ್ಪು ಅನ್ನೋ ಚರ್ಚೆಗೆ ಅವಕಾಶನೇ ಕೊಡಬೇಡಿ, ಏನಿದ್ರೂ ಮುಂದಿನ ಪ್ರಾಕ್ಟೀಸಲ್ಲಿ ಎದುರಾಎದುರು.

ಡಿಫೆಂಡರ್, ಒಬ್ಬ ಮಗಳ ತಾಯಿ

ಜರ್ಸಿ ಆರ್ಡರ್ ಮಾಡಿಲ್ಲ ಅಂದ್ರೆ ಬಿಳಿ ಶಾರ್ಟ್ಸ್ ಬೇಡ. ಪೀರಿಯಡ್ಸ್ ದಿನ ಕಲೆ ಆಗತ್ತೇನೋ ಅನ್ನೋ ಯೋಚನೇಲೇ ಅರ್ಧ ಆಟ ಹೋಗತ್ತೆ, ಇಂಗ್ಲೆಂಡ್ ಮಹಿಳಾ ತಂಡನೂ 2023ರಲ್ಲಿ ಬಿಳಿ ಬಿಟ್ಟು ನೀಲಿ ಶಾರ್ಟ್ಸಿಗೆ ಬಂತು. ಕಿಟ್ ಬ್ಯಾಗಲ್ಲಿ ಪ್ಯಾಡ್ ಸದಾ ಇರಲಿ, ಕೇಳದೇ ತಗೊಳ್ಳೋ ಹಾಗೆ. ಮತ್ತೆ ತಾಯಂದಿರಿಗೆ ಮಕ್ಕಳನ್ನ ಮೈದಾನಕ್ಕೆ ಕರ್ಕೊಂಡು ಬನ್ನಿ ಅಂತ ನೀವೇ ಬಾಯಿಬಿಟ್ಟು ಹೇಳಿ, ಅವತ್ತು ಆಡದೇ ಇರೋ ಒಬ್ಬರು ನೋಡ್ಕೊಳ್ಳಲಿ. ನಮ್ಮ ಟೀಮಲ್ಲಿ ಹಾಗೆ ಹೇಳಿದ್ದಕ್ಕೇ ನಾನು ಆಟಕ್ಕೆ ವಾಪಸ್ ಬಂದೆ, ನನ್ನ ನೋಡಿ ಇನ್ನೂ ಇಬ್ಬರು ಬಂದ್ರು.

ಕೇಳಿದವರು

ಎಲ್ಲರಿಗೂ ಮನಸಾರೆ ಧನ್ಯವಾದ. ನಾಳೆನೇ ನೋಂದಣಿ ತಾರೀಖು ವಿಚಾರಿಸ್ತೀನಿ, ಆಟ ಬಿಟ್ಟಿರೋ ಮೂರ್ನಾಲ್ಕು ಜನರ ನಂಬರ್ ನನ್ನ ಹತ್ರ ಇದೆ, ಅವರಿಗೂ ಫೋನ್ ಮಾಡ್ತೀನಿ. ಶಾರ್ಟ್ಸ್ ಇನ್ನೂ ಆರ್ಡರ್ ಆಗಿಲ್ಲ, ಕಪ್ಪು ಅಂತ ಹೇಳ್ತೀನಿ.